ನೀಟ್ ಬರೆದ ಬೇಸಿಗೆಯಲ್ಲಿ ಮಕ್ಕಳ ಶಿಬಿರದ ಕೆಲಸ: ವೈದ್ಯಕೀಯ ಸೀಟಿಗೆ ಕಾಯುವವರಿಗೊಂದು ಕೈಪಿಡಿ

ಬೆಂಗಳೂರಿನಲ್ಲಿ ಮಕ್ಕಳ ಬೇಸಿಗೆ ಶಿಬಿರಗಳು ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ನಡೆಯುತ್ತವೆ. ಎಂಬಿಬಿಎಸ್ ಪ್ರವೇಶಕ್ಕಾಗಿ ದೇಶದಾದ್ಯಂತ ನಡೆಯುವ ನೀಟ್ ಪರೀಕ್ಷೆಯೂ ಹೆಚ್ಚಿನ ವರ್ಷಗಳಲ್ಲಿ ಮೇ ತಿಂಗಳ ಮೊದಲ ಭಾನುವಾರವೇ ಬರುತ್ತದೆ. ದ್ವಿತೀಯ ಪಿಯುಸಿ ಮುಗಿಸಿ ವೈದ್ಯರಾಗಬೇಕೆಂದು ಹೊರಟವರು ಈ ಎರಡನ್ನೂ ಒಂದೇ ಬೇಸಿಗೆಯಲ್ಲಿ ನಿಭಾಯಿಸಲು ಸಾಧ್ಯವೇ ಎಂದು ಪ್ರತಿ ವರ್ಷ ಹಲವರು ಕೇಳುತ್ತಾರೆ. ಸಾಧ್ಯವಿದೆ. ಆದರೆ ಶಿಬಿರದ ಮೊದಲ ದಿನಕ್ಕೂ ಮುಂಚೆಯೇ ಕೆಲವು ಕೆಲಸಗಳು ಮುಗಿದಿರಬೇಕು, ಮತ್ತು ಶಿಬಿರದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಸ್ಪಷ್ಟವಾಗಿ ತಿಳಿದಿರಬೇಕು. ಮಕ್ಕಳ ಶಿಬಿರಗಳ ಹೊಣೆ ಹೊತ್ತು, ಇಂತಹ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಸಿಗದಿರುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಎಂಬಿಬಿಎಸ್ ಸೀಟು ನೀಟ್ ರ‍್ಯಾಂಕಿನ ಮೇಲೆ, ಮೀಸಲಾತಿಯ ನಿಯಮಗಳಿಗೆ ಅನುಸಾರವಾಗಿ ಹಂಚಿಕೆಯಾಗುತ್ತದೆ. ಶಿಬಿರದ ಪ್ರಮಾಣಪತ್ರಕ್ಕೆ ಅದರಲ್ಲಿ ಒಂದು ಅಂಕದ ಬೆಲೆಯೂ ಇಲ್ಲ. ಅಮೆರಿಕದಂತಹ ದೇಶಗಳಲ್ಲಿ ಅರ್ಜಿಯ ಜೊತೆ ಸೇವೆಯ ಅನುಭವವನ್ನೂ ನೋಡುತ್ತಾರೆ, ಇಲ್ಲಿ ಹಾಗಿಲ್ಲ. ಆದ್ದರಿಂದ ಸೀಟಿಗೆ ಅನುಕೂಲವಾಗಲಿ ಎಂದು ಶಿಬಿರಕ್ಕೆ ಸೇರುವುದರಲ್ಲಿ ಅರ್ಥವಿಲ್ಲ. ಎರಡು ವರ್ಷ ಪುಸ್ತಕ, ಕೋಚಿಂಗ್ ಮತ್ತು ಮಾಕ್ ಟೆಸ್ಟ್‌ಗಳ ನಡುವೆ ಕಳೆದವರಿಗೆ ಬೇರೆಯವರ ಮೈ ಮನಸ್ಸುಗಳ ಹೊಣೆ ಹೊರುವುದೆಂದರೆ ಏನೆಂದು ತಿಳಿಯುವ ಅವಕಾಶ ಸಿಕ್ಕಿರುವುದಿಲ್ಲ. ಪರೀಕ್ಷೆ ಮುಗಿದು ಸೀಟು ತೀರ್ಮಾನವಾಗುವ ನಡುವಿನ ವಾರಗಳಲ್ಲಿ ಆ ಅವಕಾಶ ಶಿಬಿರದಲ್ಲಿ ಸಿಗುತ್ತದೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ಪು ಎಂಬ ದೀರ್ಘ ದಾರಿಗೆ ಇಳಿಯುವ ಮುನ್ನ ಈ ಕೆಲಸ ತನಗೆ ಇಷ್ಟವಾಗುತ್ತದೆಯೇ ಎಂದು ನೋಡಿಕೊಳ್ಳುವುದು ದೊಡ್ಡ ಲಾಭವೆಂದೇ ನನ್ನ ನಂಬಿಕೆ.

ಯಾವಾಗ ಸೇರಬೇಕು

ಏಪ್ರಿಲ್ ಬ್ಯಾಚಿಗೆ ಸೇರಬೇಡಿ. 2025ನೇ ಸಾಲಿನ ದಿನಾಂಕಗಳನ್ನೇ ನೋಡಿ: ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 20ಕ್ಕೆ ಮುಗಿಯಿತು, ಏಪ್ರಿಲ್ 8ಕ್ಕೆ ಫಲಿತಾಂಶ ಬಂದಿತು, ಏಪ್ರಿಲ್ 16 ಮತ್ತು 17ರಂದು ಎಂಜಿನಿಯರಿಂಗ್ ಮುಂತಾದವುಗಳ ರಾಜ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ನಡೆಯಿತು, ಮೇ 4ರಂದು ನೀಟ್. ಇಷ್ಟರ ನಡುವೆ ದಿನಕ್ಕೆ ಆರು ಗಂಟೆ ಮಕ್ಕಳ ಜೊತೆ ಓಡಾಡಿ, ಸಂಜೆ ಮನೆಗೆ ಬಂದು 180 ಪ್ರಶ್ನೆಗಳ ಮಾಕ್ ಟೆಸ್ಟ್ ಬರೆಯುತ್ತೇನೆ ಎನ್ನುವುದು ಕಾಗದದ ಮೇಲಷ್ಟೇ ಸಾಧ್ಯವಾಗುವ ಯೋಜನೆ. 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು; ಅದನ್ನು ಕೊನೆಯ ಮೂರು ವಾರ ಮತ್ತೆ ಮತ್ತೆ ತಿರುವಿ ಹಾಕಿದವರಿಗೂ ಹಾಕದವರಿಗೂ ಅಂಕಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಮೇ ಎರಡನೆಯ ವಾರದಲ್ಲಿ ಆರಂಭವಾಗುವ ಬ್ಯಾಚನ್ನೇ ಕೇಳಿ. ಬಹುತೇಕ ಶಿಬಿರಗಳು ಹತ್ತು ಹದಿನೈದು ದಿನಗಳ ಬ್ಯಾಚುಗಳಾಗಿ ನಡೆಯುವುದರಿಂದ ಇದು ಕಷ್ಟವಲ್ಲ, ಮತ್ತು ಮೇ ತಿಂಗಳಲ್ಲಿ ಊರಿಗೆ ಹೋಗುವ ಸ್ವಯಂಸೇವಕರು ಹೆಚ್ಚಾದ್ದರಿಂದ ಸಂಘಟಕರಿಗೂ ಆಗಲೇ ಜನ ಬೇಕಾಗಿರುತ್ತದೆ. ಪರೀಕ್ಷೆಯ ಮರುದಿನವೇ ಸೇರುವುದನ್ನೂ ನಾನು ಒಪ್ಪುವುದಿಲ್ಲ. ನಾಲ್ಕೈದು ದಿನ ನಿದ್ದೆ ಮಾಡಿ, ಸರಿಯಾಗಿ ಉಂಡು, ಆಮೇಲೆ ಬನ್ನಿ. ದಣಿದವರ ಕೈಗೆ ಮಕ್ಕಳನ್ನು ಕೊಡಲು ಯಾವ ಸಂಘಟಕರಿಗೂ ಧೈರ್ಯ ಬರುವುದಿಲ್ಲ.

ದಾಖಲೆಗಳು ಶಿಬಿರಕ್ಕಿಂತ ಮುಂಚೆ

ಈ ಭಾಗವನ್ನು ತಂದೆ ತಾಯಂದಿರೂ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಒಳ್ಳೆಯ ರ‍್ಯಾಂಕ್ ಬಂದರೂ ದಾಖಲೆಯೊಂದು ಇಲ್ಲದೆ ಮೀಸಲಾತಿಯ ಹಕ್ಕನ್ನು ಕಳೆದುಕೊಳ್ಳುವವರು ಇದ್ದೇ ಇರುತ್ತಾರೆ. ನೀಟ್ ಬರೆದಿದ್ದೇವೆ, ಇನ್ನು ಸೀಟು ತಾನಾಗಿ ಬರುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ಮನೆಗಳಲ್ಲಿದೆ. ಪರೀಕ್ಷೆ ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯಾದ ಎನ್‌ಟಿಎ. ಸರ್ಕಾರಿ ಕಾಲೇಜುಗಳ ಶೇಕಡ 15ರಷ್ಟು ಅಖಿಲ ಭಾರತ ಕೋಟಾದ ಸೀಟುಗಳನ್ನೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನೂ ಹಂಚುವುದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ. ಸರ್ಕಾರಿ ಕಾಲೇಜುಗಳ ಉಳಿದ ಶೇಕಡ 85 ಮತ್ತು ರಾಜ್ಯದ ಖಾಸಗಿ ಕಾಲೇಜುಗಳ ಸೀಟುಗಳನ್ನು ಹಂಚುವುದು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಮೂರಕ್ಕೂ ಬೇರೆ ಬೇರೆಯಾಗಿ ನೋಂದಾಯಿಸಬೇಕು. ಎಂಜಿನಿಯರಿಂಗ್ ಬೇಡ, ವೈದ್ಯಕೀಯವೊಂದೇ ಸಾಕು ಎನ್ನುವವರೂ ಕೆಇಎ ಅರ್ಜಿಯನ್ನು ತುಂಬಿರಲೇಬೇಕು. ನೀಟ್ ಫಲಿತಾಂಶ ಬಂದ ಮೇಲೆ ಅದೇ ಪೋರ್ಟಲ್‌ನಲ್ಲಿ ನೀಟ್ ವಿವರಗಳನ್ನು ದಾಖಲಿಸಬೇಕು.

ದಾಖಲೆಗಳ ವಿಷಯದಲ್ಲಿ ಬೇಸಿಗೆಯೇ ಒಂದು ಅಡಚಣೆ. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶಾಲೆಗಳು ರಜೆಗೆ ಮುಚ್ಚಿದರೆ ಮೇ ಕೊನೆಯವರೆಗೆ ಮುಖ್ಯೋಪಾಧ್ಯಾಯರ ಸಹಿ ಸಿಗುವುದು ಕಷ್ಟ. ಆದರೆ ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿರುವುದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಇರುವ ಶೇಕಡ 15ರ ಮೀಸಲಾತಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇರುವ ಶೇಕಡ 5ರ ಮೀಸಲಾತಿಗೂ ಶಾಲೆಯ ಪ್ರಮಾಣಪತ್ರವೇ ಆಧಾರ, ಮತ್ತು ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಮಾಗಡಿ, ಕನಕಪುರ, ದೊಡ್ಡಬಳ್ಳಾಪುರದ ಕಡೆ ಪ್ರಾಥಮಿಕ ಶಾಲೆ ಓದಿ, ಪಿಯುಸಿಗೆ ಬೆಂಗಳೂರಿಗೆ ಬಂದವರು ಎರಡು ಮೂರು ಶಾಲೆಗಳಿಗೆ ಹೋಗಬೇಕಾಗುತ್ತದೆ. ಈ ಓಡಾಟವನ್ನು ಪಿಯುಸಿ ಪರೀಕ್ಷೆ ಮುಗಿದ ವಾರದಲ್ಲೇ, ಸಾಧ್ಯವಾದರೆ ತಂದೆಯವರೋ ತಾಯಿಯವರೋ ವಹಿಸಿಕೊಳ್ಳುವುದು ಒಳ್ಳೆಯದು. ವಿದ್ಯಾರ್ಥಿ ಓದಿಕೊಳ್ಳಲಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ನಾಡಕಚೇರಿಯ ಮೂಲಕ ತಹಶೀಲ್ದಾರರಿಂದ ಬರುತ್ತವೆ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಕೆಇಎ ಪರಿಶೀಲಿಸುವುದು. ಆದಾಯ ಪ್ರಮಾಣಪತ್ರಕ್ಕೆ 5 ವರ್ಷಗಳ ಅವಧಿಯಿದೆ, ಆದ್ದರಿಂದ ಹೈಸ್ಕೂಲಿನಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಈ ವೇಳೆಗೆ ಮುಗಿದಿರಬಹುದು. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು: 2ಎ, 3ಎ, 3ಬಿ ಎಂದು ನಮೂದಾಗಿರುವ ರಾಜ್ಯದ ಪ್ರಮಾಣಪತ್ರವು ಅಖಿಲ ಭಾರತ ಕೋಟಾದಲ್ಲಿ ನಡೆಯುವುದಿಲ್ಲ. ನಿಮ್ಮ ಸಮುದಾಯ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದರೆ, ಕೆನೆಪದರದಲ್ಲಿಲ್ಲ ಎಂಬ ಕೇಂದ್ರ ಮಾದರಿಯ ಪ್ರಮಾಣಪತ್ರವನ್ನು ಹೊಸ ಆರ್ಥಿಕ ವರ್ಷದಲ್ಲಿ ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು, ನೀಟ್ ಅರ್ಜಿಯಲ್ಲಿ ಇನ್ನೊಂದು ರೀತಿ ಎಂಬ ಗೊಂದಲವಿದ್ದರೆ ಅದನ್ನೂ ಈಗಲೇ ಸರಿಪಡಿಸಲು ಹೊರಡಿ, ಏಕೆಂದರೆ ತಿದ್ದುಪಡಿಗೆ ವಾರಗಳು ಹಿಡಿಯುತ್ತವೆ. ಅರ್ಜಿಗೆ ಕೊಟ್ಟ ಮೊಬೈಲ್ ಸಂಖ್ಯೆ ಮತ್ತು ಇಮೇಲನ್ನು ಸೀಟು ಸಿಕ್ಕುವವರೆಗೂ ಬದಲಿಸಬೇಡಿ. ಶಿಬಿರದ ಮೈದಾನದಲ್ಲಿ ಫೋನನ್ನು ಚೀಲದೊಳಗೆ ಇಡಬೇಕಾಗುವುದರಿಂದ, ಪ್ರಕಟಣೆಗಳನ್ನು ನೋಡುವ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿ. ಅಪರಿಚಿತರು ಕರೆ ಮಾಡಿ ಸೀಟು ಕೊಡಿಸುತ್ತೇವೆ ಎಂದರೆ ಅವರಿಗೆ ಒಟಿಪಿಯನ್ನಾಗಲಿ ಹಣವನ್ನಾಗಲಿ ಕೊಡಬಾರದು.

ಶಿಬಿರವನ್ನು ಆರಿಸಿಕೊಳ್ಳುವುದು

ಕಬ್ಬನ್ ಉದ್ಯಾನದ ಜವಾಹರ್ ಬಾಲಭವನ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರು ತಾರಾಲಯ ಇವುಗಳಲ್ಲಿ ಮಕ್ಕಳಿಗಾಗಿ ಬೇಸಿಗೆ ಕಾರ್ಯಕ್ರಮಗಳು ನಡೆಯುತ್ತವೆ. ಬಸವನಗುಡಿ, ಹನುಮಂತನಗರ, ಮಲ್ಲೇಶ್ವರದ ಕಡೆ ರಂಗತಂಡಗಳ ಶಿಬಿರಗಳಿವೆ. ಬಡಾವಣೆಯ ಸಂಘಗಳೂ ಶಾಲೆಗಳೂ ನಡೆಸುವ ಚಿಕ್ಕ ಶಿಬಿರಗಳಂತೂ ಊರ ತುಂಬ ಇವೆ. ಹೆಸರಿಗಿಂತ ದೂರ ನೋಡಿ. ವೈಟ್‌ಫೀಲ್ಡಿನಲ್ಲಿ ಮನೆ, ಬನಶಂಕರಿಯಲ್ಲಿ ಶಿಬಿರವಾದರೆ ದಿನದ ಮೂರು ಗಂಟೆ ರಸ್ತೆಯಲ್ಲೇ ಕಳೆದುಹೋಗುತ್ತದೆ. ನಡೆದೋ ಮೆಟ್ರೋದಲ್ಲೋ ತಲುಪುವಂತಿದ್ದರೆ ಸಾಕು.

ಸೇರುವ ಮುಂಚೆ ಸಂಘಟಕರನ್ನು ಕೆಲವು ವಿಷಯ ಕೇಳಲೇಬೇಕು. ಎಷ್ಟು ಮಕ್ಕಳಿಗೆ ಒಬ್ಬ ಸ್ವಯಂಸೇವಕರು? ಶೌಚಾಲಯ ಹೇಗಿದೆ, ಹುಡುಗಿಯರಿಗೆ ಪ್ರತ್ಯೇಕವಾಗಿದೆಯೇ? ಕುಡಿಯುವ ನೀರು ಎಲ್ಲಿಂದ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಬಳಿ ಇರುತ್ತದೆ? ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಕರೆದೊಯ್ಯಲು ವಾಹನವಿದೆಯೇ? ಮಗುವನ್ನು ಸಂಜೆ ಯಾರ ಕೈಗೆ ಒಪ್ಪಿಸಬೇಕೆಂಬ ಪಟ್ಟಿ ಇದೆಯೇ? ಇವುಗಳಿಗೆ ತಡವರಿಸುವ ಶಿಬಿರ ಎಷ್ಟೇ ಹೆಸರುವಾಸಿಯಾಗಿದ್ದರೂ ಬೇಡ. ಗೌರವಧನ, ಊಟ, ಕೆಲಸದ ವೇಳೆ ಇವನ್ನೂ ಸಂಕೋಚವಿಲ್ಲದೆ ಮೊದಲೇ ಮಾತಾಡಿಕೊಳ್ಳಿ. ದಾಖಲೆಯ ಕೆಲಸಕ್ಕೆ ಒಂದೆರಡು ದಿನ ರಜೆ ಬೇಕಾಗಬಹುದು ಎಂಬುದನ್ನೂ ಆಗಲೇ ಹೇಳಿದರೆ ಬದಲಿ ವ್ಯವಸ್ಥೆ ಮಾಡಲು ಅವರಿಗೆ ಅನುಕೂಲ. ನಿಮಗೆ ಇನ್ನೂ 18 ತುಂಬಿಲ್ಲವಾದರೆ ಪೋಷಕರ ಒಪ್ಪಿಗೆ ಪತ್ರ ಕೊಡಿ.

ಮಕ್ಕಳ ನಡುವೆ

ವೈದ್ಯಕೀಯಕ್ಕೆ ಹೋಗುವವರು ಎಂದು ತಿಳಿದ ಕೂಡಲೇ ಮಕ್ಕಳು 'ಡಾಕ್ಟರ್ ಅಕ್ಕ', 'ಡಾಕ್ಟರ್ ಅಣ್ಣ' ಎಂದು ಕರೆಯಲು ಶುರು ಮಾಡುತ್ತಾರೆ, ಸಂಘಟಕರೂ ಔಷಧಿ ಪೆಟ್ಟಿಗೆಯನ್ನು ನಿಮ್ಮ ಕೈಗೇ ಕೊಟ್ಟುಬಿಡುತ್ತಾರೆ. ಆ ಕರೆ ಎಷ್ಟೇ ಹಿತವಾಗಿದ್ದರೂ ನೀವು ಇನ್ನೂ ವೈದ್ಯರಲ್ಲ, ಬರೀ ಅಕ್ಕ ಅಥವಾ ಅಣ್ಣ. ರೋಗ ಇಂಥದ್ದೇ ಎಂದು ಹೇಳುವುದು, ಪೋಷಕರನ್ನು ಕೇಳದೆ ಪ್ಯಾರಾಸಿಟಮಾಲ್ ಮಾತ್ರೆಯನ್ನಾದರೂ ಕೊಡುವುದು ನಿಮ್ಮ ಕೆಲಸವಲ್ಲ. ನಿಮ್ಮ ಕೆಲಸ ಗಮನಿಸುವುದು, ಬರೆದಿಡುವುದು, ಸರಿಯಾದವರಿಗೆ ತಕ್ಷಣ ತಿಳಿಸುವುದು. ಮೊದಲ ದಿನವೇ ಪ್ರತಿ ಮಗುವಿಗೂ ಒಂದು ಪುಟ ತೆರೆದು, ಯಾವ ಆಹಾರ ಅಥವಾ ಔಷಧಿ ಒಗ್ಗುವುದಿಲ್ಲ, ಉಬ್ಬಸವಿದ್ದರೆ ಇನ್ಹೇಲರ್ ತಂದಿದೆಯೇ, ಮೂರ್ಛೆರೋಗದ ಹಿನ್ನೆಲೆ ಇದೆಯೇ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಪೋಷಕರನ್ನು ಕೇಳಿ ಬರೆದುಕೊಳ್ಳಿ. ಆ ಪುಸ್ತಕ ಎಲ್ಲರ ಕೈಗೂ ಸಿಗುವಂತಿರಬಾರದು. ಮಗುವಿನ ಕಾಯಿಲೆಯ ವಿಷಯ ಇತರ ಮಕ್ಕಳ ಮುಂದೆ ಆಡುವ ಮಾತಲ್ಲ.

ಶಿಬಿರದಲ್ಲಿ ನಿಮಗೆ ಅತಿ ಹೆಚ್ಚು ಕೇಳಿಬರುವ ದೂರು ಹೊಟ್ಟೆನೋವು. ಬೆಳಿಗ್ಗೆ ಹತ್ತರ ಹೊತ್ತಿಗೆ ಬರುವ ಹೊಟ್ಟೆನೋವಿನ ಹಿಂದೆ ತಿಂಡಿ ತಿನ್ನದೆ ಬಂದಿರುವುದು, ಮನೆಯ ನೆನಪು, ಗುಂಪಿನಲ್ಲಿ ಯಾರೋ ಛೇಡಿಸಿದ್ದು, ಶೌಚಾಲಯ ಗಲೀಜಾಗಿದೆ ಎಂದು ತಡೆದುಕೊಂಡಿರುವುದು, ಹೀಗೆ ಏನಾದರೂ ಇರಬಹುದು. ಹನ್ನೊಂದು ಹನ್ನೆರಡರ ಹುಡುಗಿಗೆ ಮೊದಲ ಮುಟ್ಟಿನ ನೋವೂ ಇರಬಹುದು. ಪೆಟ್ಟಿಗೆಯಲ್ಲಿ ಪ್ಯಾಡುಗಳಿರಲಿ, ಇಂತಹ ಹೊತ್ತಿನಲ್ಲಿ ಮಾತಾಡಲು ಒಬ್ಬ ಅಕ್ಕ ಇರಲಿ. ನಿಜವಾದ ಅಪಾಯವೂ ಇರಬಹುದು ಎಂಬುದನ್ನು ಮರೆಯಬಾರದು: ನೋವು ಬಲಗಡೆ ಕೆಳಹೊಟ್ಟೆಗೆ ಇಳಿದು ಹೆಚ್ಚುತ್ತಾ ಹೋದರೆ, ವಾಂತಿ ಜ್ವರ ಸೇರಿಕೊಂಡರೆ ಕಾಯದೆ ಆಸ್ಪತ್ರೆಗೆ ಕಳುಹಿಸಬೇಕು. ಮಗುವಿನ ಎತ್ತರಕ್ಕೆ ಕುಳಿತು, 'ಎಲ್ಲಿ ನೋಯುತ್ತೆ, ಒಂದು ಬೆರಳಲ್ಲಿ ತೋರಿಸು ಪುಟ್ಟ' ಎಂದು ಕೇಳಿ ಸುಮ್ಮನಿರಿ. ಉತ್ತರ ಬರಲು ಸಮಯ ಹಿಡಿಯುತ್ತದೆ. ಆ ಸಮಯವನ್ನು ಕೊಡಲು ಕಲಿಯುವುದೇ ಈ ಇಡೀ ಬೇಸಿಗೆಯಲ್ಲಿ ನಿಮಗೆ ಸಿಗುವ ಮುಖ್ಯ ವಿದ್ಯೆ ಎಂದು ನನಗೆ ಅನ್ನಿಸುತ್ತದೆ. ವಿಕ್ಟೋರಿಯಾ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಾಳೆ ನೀವು ಕುಳಿತು ಕೇಳಬೇಕಾದ ಪ್ರಶ್ನೆಯೂ ಇದೇ.

ಬಿಸಿಲಿನ ವಿಷಯದಲ್ಲಿ ಬೆಂಗಳೂರು ತಂಪು ಊರೆಂಬ ಹಳೆಯ ನಂಬಿಕೆಯನ್ನು ಬಿಡಬೇಕು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಓಟದ ಆಟಗಳನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಮಧ್ಯಾಹ್ನ ಚೌಕಾಬಾರ, ಕಥೆ, ಚಿತ್ರ, ಹಾಡುಗಳನ್ನು ಇಟ್ಟುಕೊಳ್ಳಿ. ಬಾಯಾರಿಕೆ ಎಂದು ಮಕ್ಕಳು ಹೇಳುವುದನ್ನು ಕಾಯದೆ ಆಗಾಗ ನೀರು, ಮಜ್ಜಿಗೆ, ಪಾನಕ ಕೊಡಿ. ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಪೊಟ್ಟಣ ಇಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಮೈ ಕಾದು, ಮಾತು ತಡವರಿಸಿ, ಮಗು ಮಂಕಾದರೆ ಅದು ಬರೀ ದಣಿವಲ್ಲ. ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು. ಮೇ ಸಂಜೆಗಳಲ್ಲಿ ಗುಡುಗಿನ ಮಳೆ ದಿಢೀರನೆ ಬರುವುದರಿಂದ, ಮೋಡ ಕವಿದ ಕೂಡಲೇ ಮಕ್ಕಳನ್ನು ಮರದಡಿಯಿಂದ ಕಟ್ಟಡದೊಳಗೆ ಕರೆತನ್ನಿ. ನಮ್ಮ ಉದ್ಯಾನಗಳ ಹಳೆಯ ಮರಗಳ ಕೊಂಬೆಗಳು ಮೊದಲ ಗಾಳಿಗೇ ಮುರಿದು ಬೀಳುತ್ತವೆ.

ಪ್ರಥಮ ಚಿಕಿತ್ಸೆಯಲ್ಲಿ ಮಾಡುವುದಕ್ಕಿಂತ ಮಾಡದಿರುವುದನ್ನು ನೆನಪಿಡುವುದು ಹೆಚ್ಚು ಮುಖ್ಯವಾಗುವ ಸಂದರ್ಭಗಳಿವೆ. ಮೂಗಿನಲ್ಲಿ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಬಾಗಿಸಬಾರದು. ಮುಂದಕ್ಕೆ ಬಗ್ಗಿಸಿ ಮೂಗಿನ ಮೆದು ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿಯಬೇಕು. ಫಿಟ್ಸ್ ಬಂದ ಮಗುವಿನ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲುಗಳ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಪಕ್ಕಕ್ಕೆ ಹೊರಳಿಸಿ, ಸುತ್ತಲಿನ ವಸ್ತು ಸರಿಸಿ, ಗಡಿಯಾರ ನೋಡಿ; ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ, ಅಥವಾ ಅದು ಮೊದಲ ಬಾರಿ ಬಂದದ್ದಾದರೆ ಆಂಬುಲೆನ್ಸ್ ಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಿರಿ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು. ಅರಿಶಿನ, ಕಾಫಿಪುಡಿ ಮೆತ್ತಬಾರದು.

ಮಕ್ಕಳ ಸುರಕ್ಷತೆಯಲ್ಲಿ ಇನ್ನೊಂದು ಮುಖವಿದೆ. ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರಬೇಡಿ, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಫೋಟೋಗಳನ್ನು ಸ್ಟೇಟಸ್‌ಗೆ ಹಾಕಬೇಡಿ. ತನ್ನ ಮೇಲೆ ಯಾರೋ ದೌರ್ಜನ್ಯ ಮಾಡಿದ್ದಾರೆಂದು ಮಗು ಹೇಳಿಕೊಂಡರೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು. 2012ರ ಪೋಕ್ಸೋ ಕಾಯ್ದೆಯಡಿ ಲೈಂಗಿಕ ದೌರ್ಜನ್ಯವನ್ನು ತಿಳಿದೂ ವರದಿ ಮಾಡದಿರುವುದು ಅಪರಾಧ. ಶಿಬಿರದ ಮುಖ್ಯಸ್ಥರಿಗೆ ತಿಳಿಸಿ, ಪೊಲೀಸರಿಗೆ ಇಲ್ಲವೇ 1098 ಮಕ್ಕಳ ಸಹಾಯವಾಣಿಗೆ ಕರೆ ಹೋಗುವಂತೆ ನೋಡಿಕೊಳ್ಳಿ.

ನಿಮ್ಮ ಓದನ್ನು ಮಕ್ಕಳಿಗೆ ದಾಟಿಸಲು ಒಂದು ಚಟುವಟಿಕೆ ತುಂಬ ಚೆನ್ನಾಗಿ ನಡೆಯುತ್ತದೆ. ಮಣಿಕಟ್ಟಿನ ಮೇಲೆ ನಾಡಿ ಹುಡುಕಿಸಿ, ಒಂದು ನಿಮಿಷ ಎಣಿಸಿ, ಲಗೋರಿ ಆಡಿ ಬಂದ ಮೇಲೆ ಮತ್ತೆ ಎಣಿಸಲಿ. ದಪ್ಪ ಕಾಗದವನ್ನು ಕೊಳವೆಯಾಗಿ ಸುತ್ತಿ ಗೆಳೆಯನ ಎದೆಗೆ ಇಟ್ಟು ಕೇಳಿದರೆ ಹೃದಯದ ಎರಡು ಸದ್ದು ಕೇಳಿಸುತ್ತದೆ. ಹೃದಯ ಏಕೆ ಬೇಗ ಬಡಿಯಿತು ಎಂದು ಎಂಟು ವರ್ಷದ ಮಗುವಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಲು ಪ್ರಯತ್ನಿಸಿ. ಇಂಗ್ಲಿಷ್‌ನಲ್ಲಿ ಬಾಯಿಪಾಠ ಮಾಡಿದ್ದರಲ್ಲಿ ನಿಜವಾಗಿ ಅರ್ಥವಾಗಿರುವುದು ಎಷ್ಟು ಎಂಬುದು ಆಗ ನಿಮಗೇ ಗೊತ್ತಾಗುತ್ತದೆ.

ಫಲಿತಾಂಶದವರೆಗಿನ ದಿನಗಳು

ಪರೀಕ್ಷೆಯ ಸಂಜೆಯೇ ಕೋಚಿಂಗ್ ಸಂಸ್ಥೆಗಳ ಕೀ ಉತ್ತರಗಳು ಹರಿದಾಡುತ್ತವೆ. ನೋಡಲೇಬೇಕಾದರೆ ಶಿಬಿರ ಸೇರುವ ಮುನ್ನ ಒಮ್ಮೆ ನೋಡಿ, ಅಂದಾಜು ಅಂಕವನ್ನು ಬರೆದಿಟ್ಟು ಮುಗಿಸಿಬಿಡಿ. ಎನ್‌ಟಿಎ ಅಧಿಕೃತ ಕೀ ಉತ್ತರ ಪ್ರಕಟಿಸಿದಾಗ ನಿಮ್ಮ ಓಎಂಆರ್ ಹಾಳೆಯ ಪ್ರತಿಯ ಜೊತೆ ಹೋಲಿಸಿ, ತಪ್ಪಿದೆ ಎಂದು ಖಚಿತವಾದರೆ ಮಾತ್ರ ಶುಲ್ಕ ಕಟ್ಟಿ ಆಕ್ಷೇಪಣೆ ಸಲ್ಲಿಸಿ. 2025ರಲ್ಲಿ ಫಲಿತಾಂಶ ಜೂನ್ 14ಕ್ಕೆ ಬಂದಿತು, ಅಂದರೆ ಪರೀಕ್ಷೆ ಮುಗಿದ ಆರು ವಾರಗಳ ಬಳಿಕ. ಈ ಕಾಲದಲ್ಲಿ ನೆಂಟರಿಷ್ಟರು 'ಎಷ್ಟು ಬರಬಹುದು' ಎಂದು ಕೇಳುತ್ತಲೇ ಇರುತ್ತಾರೆ. ಮತ್ತೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಬೇಕೇ ಎಂಬ ತೀರ್ಮಾನವನ್ನು ಫಲಿತಾಂಶಕ್ಕೂ ಮುಂಚೆ ತೆಗೆದುಕೊಳ್ಳಬೇಡಿ. ಮುಂಗಡ ಕಟ್ಟಲು ಅವಸರ ಪಡಿಸುವ ಕರೆಗಳಿಗೆ ಓಗೊಡಬೇಡಿ. ಮನಸ್ಸು ಕುಗ್ಗಿ ನಿದ್ದೆ, ಊಟ ಕೆಡುತ್ತಿದ್ದರೆ, ಬದುಕೇ ಬೇಡವೆನ್ನಿಸಿದರೆ ಮನೆಯವರಿಗೆ ಹೇಳಿ, 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಗೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೌನ್ಸೆಲಿಂಗ್

ಶಿಬಿರ ಮುಗಿದ ಮೇಲೆ, ಕೌನ್ಸೆಲಿಂಗ್ ಅಂದರೆ ಸೀಟು ಹಂಚಿಕೆಯ ಪ್ರಕ್ರಿಯೆ ಶುರುವಾಗುವ ಮುಂಚೆ, ಕಾಲೇಜುಗಳ ಆದ್ಯತೆಯ ಪಟ್ಟಿಯನ್ನು ಮನೆಯವರ ಜೊತೆ ಕುಳಿತು ತಯಾರಿಸಿ. ಹಿಂದಿನ ವರ್ಷ ಯಾವ ಕಾಲೇಜಿನ ಸೀಟು ಯಾವ ರ‍್ಯಾಂಕಿಗೆ ನಿಂತಿತು ಎಂಬ ಪಟ್ಟಿ ಕೆಇಎ ಜಾಲತಾಣದಲ್ಲಿದೆ. ನಿಮ್ಮ ವರ್ಗದ ಸಾಲನ್ನೇ ನೋಡಿ. ಕೋಟೆ ಪ್ರದೇಶದ ಬೆಂಗಳೂರು ವೈದ್ಯಕೀಯ ಕಾಲೇಜು ಸಿಗದಿದ್ದರೆ ಮಂಡ್ಯವೋ ಹಾಸನವೋ ಬೀದರವೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಸರ್ಕಾರಿ ಕಾಲೇಜಿನ ಸೀಟು ದೂರದ ಜಿಲ್ಲೆಯದೆಂಬ ಒಂದೇ ಕಾರಣಕ್ಕೆ ಅದನ್ನು ಪಟ್ಟಿಯಿಂದ ತೆಗೆಯಬೇಡಿ ಎಂಬುದು ನನ್ನ ಸಲಹೆ, ಏಕೆಂದರೆ ಜಿಲ್ಲಾ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳಿಗೆ ರೋಗಿಗಳನ್ನು ನೋಡುವ ಅವಕಾಶ ಧಾರಾಳವಾಗಿ ಸಿಗುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಎಂಸಿಸಿಯಲ್ಲಿ ನೋಂದಾಯಿಸಲು ಇತ್ತೀಚಿನ ವರ್ಷಗಳಲ್ಲಿ 2 ಲಕ್ಷ ರೂಪಾಯಿ ಭದ್ರತಾ ಠೇವಣಿ ಕಟ್ಟಬೇಕಾಗಿದೆ. ಅಲ್ಲಿನ ವಾರ್ಷಿಕ ಶುಲ್ಕವನ್ನು ಐದು ವರ್ಷವೂ ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕದೆ ಮುಂದುವರಿಯಬಾರದು.

ಕೆಇಎಯಲ್ಲಿ ಸೀಟು ಹಂಚಿಕೆಯಾದ ಮೇಲೆ ಒಪ್ಪಿ ಸೇರುವುದು, ಸೀಟನ್ನು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು, ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು ಎಂಬ ಆಯ್ಕೆಗಳಿರುತ್ತವೆ. ಸುತ್ತುಗಳು ಮುಂದುವರಿದಂತೆ ಹೊರಬರುವ ನಿಯಮಗಳು ಬಿಗಿಯಾಗುತ್ತವೆ, ಠೇವಣಿ ಕಳೆದುಕೊಳ್ಳುವ ಸಂದರ್ಭವೂ ಬರುತ್ತದೆ. ಆದ್ದರಿಂದ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಸ್ವತಃ ಓದಿ. ಹೋದ ವರ್ಷ ಸೇರಿದವರು ಹೇಳಿದ್ದನ್ನು ನಂಬಿ ಗುಂಡಿ ಒತ್ತಬೇಡಿ. ಕಾಲೇಜಿಗೆ ವರದಿ ಮಾಡಿಕೊಳ್ಳಲು ಸಿಗುವುದು ಕೆಲವೇ ದಿನಗಳು. ಮೂಲ ದಾಖಲೆಗಳು, ಅವುಗಳ ಮೂರು ಸೆಟ್ ಜೆರಾಕ್ಸ್, ನೀಟ್ ಅರ್ಜಿಗೆ ಹಾಕಿದ ಅದೇ ಫೋಟೋದ ಹತ್ತಾರು ಪ್ರತಿಗಳು, ಶುಲ್ಕ ಕಟ್ಟಿದ ರಸೀದಿ ಇವೆಲ್ಲ ಒಂದೇ ಫೈಲಿನಲ್ಲಿ ಸಿದ್ಧವಾಗಿರಲಿ, ಮತ್ತು ಮೂಲ ದಾಖಲೆಗಳನ್ನು ಕಾಲೇಜಿಗೆ ಒಪ್ಪಿಸುವ ಮುನ್ನ ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಂಡಿರಿ.